ಹೊಟ್ಟೆಗಂಟಿದ ಭಂಡಾರ

ಹುಲಿಗಿಯ ಹುಲಿಗೆಮ್ಮನ ಗುಡಿಯಿಂದ ತಂದ ಭಂಡಾರದ, ಅಂದರೆ ಅರಿಷಿಣಪುಡಿ ಪ್ರಸಾದದ, ಪೊಟ್ಟಣವನ್ನು ಇವತ್ತು ಬೆಳಿಗ್ಗೆ ಹೆಂಡತಿ ಬಿಚ್ಚಿದಳು. ಅರಿಷಿಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಪ್ಪಳದ ಹತ್ತಿರದ ಭಾಗ್ಯನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು...

ಕಾಕಾ ಸೀರೆ ನೇಯುವವರು. ಮಗ್ಗದಿಂದ ಇಳಿದ ಸೀರೆಯನ್ನು ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ನೋಡದೆ ಮಡಚುತ್ತಿರಲಿಲ್ಲ. ಆ ಗಾಜು ಕೈಯಲ್ಲಿದ್ದರೆ ಇರುವೆಯ ಕಾಲನ್ನೂ ಬಿಡುತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇವರನ್ನು ಕಂಡೇ ಹುಟ್ಟಿರಬೇಕು ಎಂದು ನಾನು ಕಾಡಿಸುತ್ತಿದ್ದೆ.

ಒಮ್ಮೆ ಅವರಿಗೆ ಹೊಟ್ಟೆನೋವು ಹತ್ತಿತು. ಕೊಪ್ಪಳದ ಡಾಕ್ಟರು ಬಾಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡುವ ಎಂಡೋಸ್ಕೋಪಿ ಮಾಡಿ, ಒಳಗೆ ದೊಡ್ಡದೊಂದು ಹುಣ್ಣು, ಬೇಳೆಯಷ್ಟು ಇನ್ನೊಂದು ಕಲೆ ಇದೆ ಎಂದರು. ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯಲು ಹುಬ್ಬಳ್ಳಿಗೆ ಹೋಗಿ, ಹಲವು ಪಟ್ಟು ದೊಡ್ಡದಾಗಿ ತೋರಿಸುವ ಎಂಡೋಸ್ಕೋಪಿಯಲ್ಲಿ ನೋಡಿಸಬೇಕಿತ್ತು. ಅವರ ಹೆಂಡತಿ, ನಮ್ಮ ಕಾಕು, ಅಳುತ್ತಾ ಕೂತರು. ಕಾಕಾ ಮಾತ್ರ ನನ್ನ ಕಡೆ ತಿರುಗಿ ಕೇಳಿದರು:

"ತಮ್ಮಾ, ಎಷ್ಟು ಪಟ್ಟು ದೊಡ್ಡದು ಮಾಡಿ ನೋಡ್ತಾರ?"

ನನಗೆ ಸಿಟ್ಟೇ ಬಂತು.

ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ರಾತ್ರಿಯಿಂದ ಏನೂ ತಿಂದಿಲ್ಲ ಎಂದು ಕಾಕಾ ಹುಲಿಗೆಮ್ಮನ ಮೇಲೆ ಆಣೆ ಮಾಡಿದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಇವರ ಹೊಟ್ಟೆಗೆ ಅರಿಷಿಣ ಬಳಿದವರು ಯಾರು ಎಂದು ನನ್ನನ್ನೇ ಕೇಳಿದರು. ನೀರು ಬಿಟ್ಟು ಎಷ್ಟು ತೊಳೆದರೂ ಅದು ನೋಡಬೇಕಾದ ಜಾಗಕ್ಕೇ ಅಂಟಿತ್ತಂತೆ. ಹೆದರಿದ್ದ ಕಾಕು ಬೆಳಿಗ್ಗೆ ಅರ್ಧ ಹಿಡಿ ಭಂಡಾರ ನುಂಗಿಸಿದ್ದರು.

"ಅದು ತಿಂದದ್ದಲ್ರಿ, ಅವ್ವನ ಭಂಡಾರ," ಎಂದರು ಕಾಕಾ.

ವಾರ ಬಿಟ್ಟು ಬನ್ನಿ ಎಂದು ಕಳಿಸಿದರು. ಆ ವಾರವೆಲ್ಲ ಕಾಕಾ ಮಗ್ಗ ಮುಟ್ಟಲಿಲ್ಲ. ಅವರಿಗೂ ಹೆದರಿಕೆ ಇದೆ ಎಂದು ನನಗೆ ಆಗಲೇ ತಿಳಿದದ್ದು...

ಎರಡನೇ ಸಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ದೊಡ್ಡ ಹುಣ್ಣಿನ ಸುತ್ತ ಸಣ್ಣ ಗೆರೆಗಳೂ ರಕ್ತನಾಳಗಳೂ ಒಂದೇ ಸಮ ಸಾಲುಗಟ್ಟಿದ್ದವು. ನಾವೆಲ್ಲ ಹೆದರಿದ್ದ ಅದು ಬರೀ ಹುಣ್ಣು. ಬೇಳೆಯಷ್ಟಿದ್ದ ಕಲೆಯ ಚಿತ್ರ ಬಂದಾಗ ಕಾಕಾ ಮೂಗು ತಾಗುವಷ್ಟು ಬಗ್ಗಿದರು. ಅಲ್ಲಿ ಗೆರೆಗಳು ಅಳಿಸಿ, ನಾಳಗಳು ಒಂದು ದಪ್ಪ ಒಂದು ತೆಳು, ಎತ್ತೆತ್ತಲೋ ತಿರುಗಿದ್ದವು. ಡಾಕ್ಟರು ಬಾಯಿ ತೆರೆಯುವ ಮೊದಲೇ ಕಾಕಾ ಅದರ ಅಂಚಿಗೆ ಬೆರಳಿಟ್ಟರು.

"ಇಲ್ಲಿಂದ ಎಳಿ ಹಾದಿ ತಪ್ಪ್ಯಾವ್ರಿ. ಇದ ಹೌದಲ್ರಿ?"

ಡಾಕ್ಟರು ಹೌದೆಂದು ತಲೆಯಾಡಿಸಿದರು. ತುಣುಕು ತೆಗೆದು ಮಾಡಿದ ಪರೀಕ್ಷೆಯೂ ಅದು ಕ್ಯಾನ್ಸರ್ ಎಂದೇ ಹೇಳಿತು. ಮೇಲ್ಪದರದಲ್ಲೇ ಇದ್ದುದರಿಂದ ಹೊಟ್ಟೆ ಕೊಯ್ಯದೆ, ಕೊಳವೆಯಿಂದಲೇ ಅದನ್ನು ತೆಗೆದರು. ಆಮೇಲೂ ಕಾಕಾ ಹಲವು ವರ್ಷ ಸೀರೆ ನೇಯ್ದರು. ಹೋದ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡರು.

ಇವತ್ತು ಅದೇ ಪರೀಕ್ಷೆ ನನಗೆ. ಹೆಂಡತಿ ಭಂಡಾರವನ್ನು ಬಾಯಿಗೆ ತಂದಳು. ಬೇಡವೆಂದು ಹಣೆಗೆ ಹಚ್ಚಿಸಿಕೊಂಡೆ. ಕಾಕಾನಂತೆ ಎಷ್ಟು ಪಟ್ಟು ಎಂದು ಡಾಕ್ಟರನ್ನು ಕೇಳೋಣವೆಂದುಕೊಂಡಿದ್ದೇನೆ. ಪರದೆಗೆ ಬೆರಳಿಟ್ಟು ತೋರಿಸಲು ಅವರಿಲ್ಲ. ಇವತ್ತು ನಾನೊಬ್ಬನೇ ನೋಡಬೇಕು.