ಕೋ ಮಿನ್ ಎದ್ದು ನಿಂತದ್ದು

ಮೊನ್ನೆ ಕ್ಲಿನಿಕ್ಕಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಬರ್ಮಾದ ಹೆಂಗಸಿನ ಕೆನ್ನೆಯಿಂದ ತನಖಾದ ಪರಿಮಳ ಬಂತು. ಗಂಧದಂತೆ ಕಲ್ಲಿನ ಮೇಲೆ ತೇಯ್ದು ಹಚ್ಚಿಕೊಳ್ಳುವ ತೊಗಟೆ ಅದು; ಗಂಧಕ್ಕಿಂತ ತುಸು ಹಸಿ, ತುಸು ತಣ್ಣಗೆ. ಗಲ್ಫಿನ ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೆಯ ಮನೆ ಕಣ್ಣೆದುರು ನಿಂತಿತು. ಎರಡು ಸಂಸಾರಕ್ಕೆ ಒಂದೇ ಅಡುಗೆಮನೆ. ಒಲೆಯ ಒಂದು ಬದಿಗೆ ಉಮ್ಮನ ಮೀನುಸಾರು, ಇನ್ನೊಂದು ಬದಿಗೆ ಬರ್ಮಾದ ಖಿನ್ ಬೇಯಿಸುವ ನೂಡಲ್ಸ್. ಅವಳ ಗಂಡ ಎಸಿ ರಿಪೇರಿಯವನು. ಅವನನ್ನು ನಾವು ಕೋ ಮಿನ್ ಎನ್ನುತ್ತಿದ್ದೆವು. ಅವರಲ್ಲಿ ಕೋ ಎಂದರೆ ಅಣ್ಣ. ಸಂಜೆ ಟೆರೇಸಿನಲ್ಲಿ ಮರಳಿನ ಚೀಲಕ್ಕೆ ಅವನು ಗುದ್ದುತ್ತಿದ್ದರೆ ಕೆಳಗೆ ನಮ್ಮ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಲೆಥ್ವೇ ಎಂಬ ಅವರ ಕಾಳಗಕ್ಕೆ ಗ್ಲೌಸ್ ಇಲ್ಲ. ಮುಷ್ಟಿಗೆ ಬಟ್ಟೆಪಟ್ಟಿ ಸುತ್ತಿದರೆ ಆಯಿತು, ತಲೆಯಿಂದಲೂ ಹೊಡೆಯಬಹುದು. "ಹುಚ್ಚಾಟ," ಎಂದು ಬಾಪ ಮುಖ ತಿರುಗಿಸುತ್ತಿದ್ದರು. ಮಿತಮಾತಿನ ಬಾಪ ಮಕ್ಕಳಾದ ನಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದು ಕೂಡ ನನಗೆ ನೆನಪಿಲ್ಲ.

ಒಮ್ಮೆ ರಜೆಗೆ ಊರಿಗೆ ಹೋದ ಕೋ ಮಿನ್ ಅಲ್ಲಿ ಕಣಕ್ಕಿಳಿದ. ಅವನ ತಮ್ಮ ಹಿಡಿದ ಫೋನಿನ ಮೂಲಕ ನಾವೆಲ್ಲ ಇಲ್ಲಿಂದಲೇ ನೋಡಿದೆವು. ಎದುರಾಳಿಯ ತಲೆ ಹಣೆಗೆ ಬಡಿದದ್ದೇ ಅವನು ಕುಸಿದ. ಪ್ರಜ್ಞೆ ತಪ್ಪಿದವನಿಗೂ ಆ ಆಟದಲ್ಲಿ ಎರಡು ನಿಮಿಷ ಕೊಡುತ್ತಾರೆ. ಎದ್ದರೆ ಮತ್ತೆ ಆಡಬಹುದು. ಅವನ ಕಡೆಯವರು ನೀರು ಸುರಿದರು, ಕಿವಿ ತಿಕ್ಕಿದರು. ಖಿನ್ ತನ್ನ ಭಾಷೆಯಲ್ಲಿ ಫೋನಿಗೆ ಏನೋ ಬೇಡಿಕೊಳ್ಳುತ್ತಿದ್ದಳು. "ಏಳ್ಬೇಡ ಅಂತಿದ್ದಾಳೆ, ಪಾಪ," ಎಂದರು ಉಮ್ಮ, ಅವಳ ಕೈ ಬಿಡದೆ. ಅವನು ಎದ್ದ. ಮೊದಲು ಒಂದು ಮೊಣಕಾಲು, ಎಷ್ಟೋ ಹೊತ್ತಿನ ಮೇಲೆ ಇನ್ನೊಂದು. ಮಡಿಸಿದ ತೋಳಿಗೆ ಅಂಗೈಯಿಂದ ಪಟಪಟನೆ ತಟ್ಟಿ ಎದುರಾಳಿಯನ್ನು ಕರೆದ. ಕೊನೆಯ ಗಂಟೆ ಬಾರಿಸಿದಾಗ ಇಬ್ಬರೂ ನಿಂತೇ ಇದ್ದರು. ಹಾಗೆ ನಿಂತರೆ ಅಲ್ಲಿ ಯಾರೂ ಸೋತ ಹಾಗಲ್ಲ. ರಕ್ತದ ಮುಖಗಳಲ್ಲೇ ಅವರು ತಬ್ಬಿಕೊಂಡರು.

ಅವನು ಮರಳಿ ಬಂದಾಗ ಬೆರಳುಗಳು ಬಾತಿದ್ದವು, ಮಡಚಲು ಬರುತ್ತಿರಲಿಲ್ಲ. "ಅಷ್ಟು ಪೆಟ್ಟು ತಿಂದು ಮತ್ತೆ ಎಂತಕ್ಕೆ ಎದ್ದದ್ದು ನೀನು?" ಎಂದು ಬಾಪ ತಮ್ಮ ಮುರುಕು ಹಿಂದಿಯಲ್ಲಿ ಕೇಳಿದರು.

ಕೋ ಮಿನ್ ನಾಚಿಕೊಂಡು ನಕ್ಕ. "ನನ್ನ ಉಸ್ತಾದ್ ಎದುರಿಗೇ ಕೂತಿದ್ರು, ಭಾಯ್. ತುಂಬ ವಯಸ್ಸಾಗಿದೆ. ಮಲಗಿಕೊಂಡು ಅವರಿಗೆ ಹೇಗೆ ಕೈ ಮುಗಿಯೋದು?"

ಉಮ್ಮ ಬಡಿಸಿಟ್ಟ ತಟ್ಟೆಯನ್ನು ಬಾಪ ಹತ್ತಿರ ಎಳೆದುಕೊಂಡು, ಮೀನಿನ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, ತುತ್ತು ಮಾಡಿ ಅವನ ಬಾಯಿಗಿಟ್ಟರು. ಕೋ ಮಿನ್ ಮಗುವಿನಂತೆ ಬಾಯಿ ತೆರೆದ.

ಆ ಮನೆಯನ್ನು ಕೆಡವಿ ಬಹಳ ಕಾಲವಾಯಿತು. ಅಲ್ಲೀಗ ಕಾರುಗಳು ನಿಲ್ಲುತ್ತವೆ. ಕೋ ಮಿನ್, ಖಿನ್ ಯಾವ ಊರಿನಲ್ಲಿದ್ದಾರೋ ತಿಳಿಯದು. ಬಾಪ ತೀರಿಹೋದರು. ನಿಮ್ಮ ಬಾಲ್ಯದಲ್ಲೂ ಇಂಥದ್ದೊಂದು ಅಡುಗೆಮನೆ ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಂದು ಆ ತಟ್ಟೆಯ ಅನ್ನ ಮುಗಿಯುವವರೆಗೂ ನಾವು ಮಕ್ಕಳು ಯಾರೂ ಬಾಗಿಲಿನಿಂದ ಕದಲಿರಲಿಲ್ಲ.