ಹಿಂದೆ ನಿಂತವನು

ಲೋಟ ಹಿಡಿದರೂ ಅವರ ಬಲಗೈಯ ತೋರುಬೆರಳು ಮಡಚಿಕೊಳ್ಳುತ್ತಿರಲಿಲ್ಲ. ಉಳಿದ ಬೆರಳುಗಳು ಲೋಟವನ್ನು ಬಿಗಿಯಾಗಿ ಸುತ್ತಿಕೊಂಡಿದ್ದರೆ ಅದೊಂದು ಮಾತ್ರ ನೆಟ್ಟಗೆ, ಲೋಟದ ಮಗ್ಗುಲಿಗೆ ಒರಗಿಕೊಂಡಿರುತ್ತಿತ್ತು. ಕುಡುಗೋಲು ಹಿಡಿದರೂ ಹಾಗೆ, ಸೈಕಲ್ಲಿನ ಹ್ಯಾಂಡಲ್ ಹಿಡಿದರೂ ಹಾಗೆ, ಮುದ್ದೆ ಮುರಿಯುವಾಗಲೂ ಹಾಗೆ. ಮುದ್ದೆಯ ವಿಷಯ ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು. ಮೊನ್ನೆ ಊಟಕ್ಕೆ ಕೂತಾಗ ಪ್ರಯತ್ನಿಸಿ ನೋಡಿದೆ, ತೋರುಬೆರಳಿಲ್ಲದೆ ಮುದ್ದೆ ಮುರಿಯಲು ನನ್ನಿಂದಾಗಲಿಲ್ಲ. ಲೋಟದ್ದು ಮಾತ್ರ ಖಂಡಿತ ನಿಜ. ನಮ್ಮ ಮನೆಯ ಜಗಲಿಯ ಮೇಲೆ ಕೂತು ಎಷ್ಟೋ ಸಲ ಕಾಫಿ ಕುಡಿದಿದ್ದಾರೆ.

ಪೊಲೀಸರಲ್ಲಿ ಪಿಸ್ತೂಲು ಕಲಿಸುವವರು ಅವರು. ಕುದುರೆಯ ಮೇಲೆ, ಅಂದರೆ ಟ್ರಿಗರಿನ ಮೇಲೆ, ಬೆರಳು ಹೋಗಬೇಕಾದ್ದು ಎಲ್ಲಕ್ಕಿಂತ ಕಡೆಗೆ. ಅಲ್ಲಿಯವರೆಗೆ ಅದು ಹೊರಗೆ ನೆಟ್ಟಗಿರಬೇಕು. ಹೊಸ ಕಾನ್‌ಸ್ಟೇಬಲ್‌ಗಳಿಗೆ ದಿನವೂ ಇದನ್ನು ಹೇಳಿ ಹೇಳಿ ಅವರ ಸ್ವಂತ ಕೈಯೇ ಹಾಗೆ ನಿಂತುಬಿಟ್ಟಿತ್ತು. ಕೆಲಸ ತುಮಕೂರಿನಲ್ಲಿ, ಮನೆ ಮಧುಗಿರಿಯಲ್ಲಿ, ನಮ್ಮ ಪಕ್ಕದಲ್ಲೇ. ರಜೆ ಸಿಕ್ಕಾಗ ಕೊರಟಗೆರೆ ಮೇಲೆ ಬರುವ ಪ್ರೈವೇಟ್ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಆಗಿದ್ದರಿಂದ ಬೀದಿಗೆಲ್ಲ ಅವರು ದಫೇದಾರರು. ನಾನೂ ಹಾಗೆಯೇ ಕರೆದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

"ಮುಂದಿರೋನ್ನ ನೋಡು. ಆಮೇಲೆ ಅವನ ಹಿಂದೆ ಯಾರವ್ರೆ ನೋಡು. ಬೆರಳು ಆಮೇಲೆ." ಇದು ಅವರ ಮಾತು. ಪಿಸ್ತೂಲಿಗೆ ಮಾತ್ರವಲ್ಲ, ಹೆಣ್ಣು ಕೊಡುವುದಕ್ಕೆ, ಎತ್ತು ಕೊಳ್ಳುವುದಕ್ಕೆ, ಓಟು ಹಾಕುವುದಕ್ಕೆ, ಎಲ್ಲದಕ್ಕೂ ಇದನ್ನೇ ಹೇಳುತ್ತಿದ್ದರು. ಪಾವಗಡದ ಕಡೆಯವರಾದ ಅವರ ಹೆಂಡತಿ ನಮ್ಮಮ್ಮನ ಹತ್ತಿರ ಗೊಣಗುತ್ತಿದ್ದರು: "ಅಯ್ಯೋ ದೇವುಡಾ, ಬದ್ನೇಕಾಯಿ ತತ್ತೀನಿ ಅಂತ ಓದ್ರೂ ಗುಡ್ಡೆ ಇಂದ್ಗಡೆ ಯಾರವ್ರೆ ಅಂತ ನೋಡ್ಕಂಡು ನಿಂತಿರ್ತಾರೆ ಕಣಮ್ಮ. ಅಷ್ಟೊತ್ಗೆ ಸಂತೇನೇ ಎದ್ದೋಗಿರ್ತದೆ."

ಅವರು ಮೊದಲಿನಿಂದ ಹೀಗಿರಲಿಲ್ಲವಂತೆ. ಹರೆಯದಲ್ಲಿ ಬಲು ಚುರುಕು, ಕೈ ಸೊಂಟಕ್ಕೆ ಹೋಗಿದ್ದು ಕಾಣಿಸುತ್ತಿರಲಿಲ್ಲ ಎಂದು ಅವರ ಜೊತೆಯವರು ಹೇಳಿದ್ದನ್ನು ಕೇಳಿದ್ದೇನೆ. ಎಪ್ಪತ್ತರ ದಶಕದ ನಡುವಿನಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಒಂದು ಕುರಿಸಂತೆಯಲ್ಲಿ ಎರಡು ಗುಂಪುಗಳಿಗೆ ಹೊಡೆದಾಟವಾಯಿತು. ಬಂದೋಬಸ್ತಿಗೆ ಹೋಗಿದ್ದವರಲ್ಲಿ ಇವರೂ ಇದ್ದರು. ಒಬ್ಬ ಮಚ್ಚು ಎತ್ತಿಕೊಂಡು ಇವರ ಜೊತೆಯವನ ಮೇಲೆ ನುಗ್ಗಿದ. ಇವರು ಹೊಡೆದರು. ಗುಂಡು ಮಚ್ಚಿನವನ ತೋಳು ತರಚಿಕೊಂಡು ಹೋಗಿ, ಹಿಂದೆ ನಿಂತು ನೋಡುತ್ತಿದ್ದ ಒಬ್ಬ ಕುರಿ ಕಾಯುವ ಹುಡುಗನಿಗೆ ತಗುಲಿತು. ಮದುವೆಯ ವಯಸ್ಸಿನವನು. ಅಲ್ಲೇ ಸತ್ತ. ಅವನು ಹೆಗಲ ಮೇಲೆ ಮರಿ ಹೊತ್ತುಕೊಂಡು ನಿಂತಿದ್ದನೆಂದು ನಮ್ಮೂರಲ್ಲಿ ಹೇಳುತ್ತಾರೆ. ದಫೇದಾರರ ಬಾಯಲ್ಲಿ ನಾನು ಅದನ್ನು ಕೇಳಿಲ್ಲ. ಇಂಥ ಸಾವುಗಳಿಗೆ ಜನ ಒಂದು ಮರಿ ಸೇರಿಸುತ್ತಾರೆ. ನಾನು ಓದಿದ್ದು ಚರಿತ್ರೆ, ಇಂಥ ಮರಿಗಳನ್ನು ಕಂಡರೆ ನನಗೆ ಅನುಮಾನ.

ವಿಚಾರಣೆ ನಡೆದು ಇವರದೇನೂ ತಪ್ಪಿಲ್ಲವೆಂದಾಯಿತು. ಮಚ್ಚಿನವನು ಜೈಲಿಗೆ ಹೋಗಿ ಬಂದು ಆಮೇಲೆ ಶಿರಾದಲ್ಲಿ ಕಡಲೆಕಾಯಿ ವ್ಯಾಪಾರ ಮಾಡಿಕೊಂಡಿದ್ದ. ದಫೇದಾರರು ಮಾತ್ರ ಆಮೇಲೆ ಬಂದೋಬಸ್ತಿಗೆ ಪಿಸ್ತೂಲು ಕಟ್ಟಲಿಲ್ಲ. ಬೇಡಿಕೊಂಡು ಕಲಿಸುವ ಕೆಲಸಕ್ಕೆ ಹಾಕಿಸಿಕೊಂಡರು.

ಸತ್ತವನ ತಾಯಿ ಇದ್ದದ್ದು ಬರಗೂರಿನ ಆಚೆ ಒಂದು ಹಟ್ಟಿಯಲ್ಲಿ. ಗಂಡನೂ ಇರಲಿಲ್ಲ, ಬೇರೆ ಮಕ್ಕಳೂ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಪ್ರತಿ ವರ್ಷ ಇವರು ಅಲ್ಲಿಗೆ ಹೋಗುತ್ತಿದ್ದರು. ಮೊದಲ ಸಲ ಆಕೆ ಒಲೆಯ ಬೂದಿ ತಂದು ಮುಖಕ್ಕೆ ಎರಚಿದಳಂತೆ. ಇವರು ಒರೆಸಿಕೊಳ್ಳದೆ ಶಿರಾವರೆಗೆ ಬಸ್ಸಿನಲ್ಲಿ ಕೂತು ಬಂದರಂತೆ. ಮರುವರ್ಷ ಆಕೆ ಬಾಗಿಲು ಹಾಕಿಕೊಂಡಳು, ಇವರು ಹೊರಗಿನ ಕಲ್ಲಿನ ಮೇಲೆ ಕೂತಿದ್ದು ಎದ್ದು ಬಂದರು. ಅದರಾಚೆಯ ಯಾವುದೋ ವರ್ಷ ಬಾಗಿಲು ತೆರೆದು ಒಂದು ಚೊಂಬು ನೀರು ಹೊರಗಿಟ್ಟಳು. ಹೀಗೆ ಶುರುವಾಯಿತು. ಸಾವಿನ ಮನೆಯಿಂದ ಏಳುವಾಗ "ಹೋಗಿ ಬರ್ತೀನಿ" ಎನ್ನಬಾರದು, ಸುಮ್ಮನೆ ಎದ್ದು ಹೊರಡಬೇಕು. ಎಷ್ಟು ವರ್ಷವಾದರೂ ದಫೇದಾರರು ಆ ಮನೆಯಿಂದ ಸುಮ್ಮನೆ ಎದ್ದೇ ಬರುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಅವರಿಗೆ ಹೊರದೇಶದ ಪಂದ್ಯಕ್ಕೆ ಕರೆ ಬಂತು. ಯಾವ ದೇಶ? ನನ್ನ ನೆನಪಿಗೆ ಫಿಲಿಪೈನ್ಸ್. ನನ್ನಕ್ಕ ಮಲೇಷ್ಯಾ ಎನ್ನುತ್ತಾಳೆ, ಅವಳಿಗೆ ತಂದುಕೊಟ್ಟ ಸೋಪಿನ ಡಬ್ಬಿಯ ಆಧಾರದ ಮೇಲೆ. ಹಲವು ದೇಶದವರು ಸೇರುವ ಪಿಸ್ತೂಲು ಪಂದ್ಯ. ನಿಂತಲ್ಲೇ ನಿಂತು ದುಂಡನೆಯ ಗುರಿಗೆ ಹೊಡೆಯುವುದಲ್ಲ. ಬಾಗಿಲು ಕಿಟಕಿ ಗೋಡೆಗಳನ್ನು ಕಟ್ಟಿರುತ್ತಾರೆ, ಸೀಟಿ ಊದಿದ ತಕ್ಷಣ ಸೊಂಟದಿಂದ ಪಿಸ್ತೂಲು ತೆಗೆದು ಅವುಗಳ ನಡುವೆ ಓಡುತ್ತ ಮನುಷ್ಯಾಕಾರದ ರಟ್ಟುಗಳಿಗೆ ಹೊಡೆಯಬೇಕು. ಕಂದು ರಟ್ಟು ಶತ್ರು. ಬಿಳಿ ರಟ್ಟು ದಾರಿಹೋಕ, ತಗುಲಿದರೆ ಅಂಕ ಕಳೆಯುತ್ತಾರೆ. ಉಳಿದ ಅಂಕವನ್ನು ತೆಗೆದುಕೊಂಡ ಸಮಯದಿಂದ ಭಾಗಿಸುತ್ತಾರೆ. ಬೇಗ ಮುಗಿಸಿದವನಿಗೆ ಲಾಭ.

ಅವರು ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಒಪ್ಪಿಕೊಂಡರು. ಜಗಲಿಯ ಮೇಲೆ ಕೂತು ನನಗೆ ಹೇಳಿದ್ದು ಹೀಗೆ: "ಅಲ್ಲಿ ಹೊಡೀಬಾರದೋರನ್ನೂ ನಿಲ್ಲಿಸ್ತಾರಂತೆ ಕಣೋ, ಹೊಡೀಬೇಕಾದೋರ ಹಿಂದ್ಗಡೇನೇ. ಅದಕ್ಕೇ ಹೋಯ್ತಿರೋದು. ಒಬ್ಬರಿಗೂ ತಾಕಿಸದಂಗೆ ಬಂದ್ರೆ ಆ ಅವ್ವನ ಮುಂದೆ ನಿಂತ್ಕಂಡು ಹೇಳಬೌದು."

"ಏನಂತ ಹೇಳ್ತೀರಿ?"

"ಕಲ್ತ್ಕಂಡೆ ಅಂತ."

ಫಲಿತಾಂಶ ಅವರಿಗಿಂತ ಮೊದಲೇ ಊರಿಗೆ ಬಂತು. ಪೇಪರಿನಲ್ಲಿ ಗೆದ್ದ ಮೂವರ ಹೆಸರು ಮಾತ್ರ ಇತ್ತು. ಆದರೆ ತುಮಕೂರಿನ ಕಾನ್‌ಸ್ಟೇಬಲ್ ಒಬ್ಬ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೋ ಹೇಳಿ, ಅದು ಮಧುಗಿರಿಯ ಹೋಟೆಲಿಗೆ ಬಂದು ಮುಟ್ಟಿತ್ತು. ದಫೇದಾರರು ಎಲ್ಲರಿಗಿಂತ ಕೊನೆ. ಅವರು ಊರಿಗೆ ಬಂದ ಮರುದಿನ ನಾನೂ ಅವರೂ ಆ ಹೋಟೆಲಿಗೆ ಹೋದಾಗ ಮಾಲೀಕ ಗಲ್ಲಾದಿಂದಲೇ ಕೂಗಿದ: "ಏನ್ ದಫೇದಾರ್ರೇ, ಅಲ್ಲೂ ಸೀಮೆಎಣ್ಣೆ ಕ್ಯೂ ಅಂದ್ಕಂಡ್ರಾ? ಕಡೇಲಿ ಹೋಗಿ ನಿಂತ್ರಂತೆ!"

ಇನ್ನೊಬ್ಬ ದೋಸೆ ಅಗಿಯುತ್ತಲೇ, "ಅವರದೇನು ತಪ್ಪು ಬುಡಯ್ಯ, ಮಧುಗಿರಿ ಬಸ್ಸು ಯಾವತ್ತು ಟೈಮಿಗೆ ಹೋಗೈತೆ?" ಎಂದ.

ದಫೇದಾರರೂ ನಕ್ಕರು. ನಿಜವಾಗಿಯೂ ನಕ್ಕರು, ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ. ಹೊರಗೆ ಬಂದ ಮೇಲೆ ಹೇಳಿದರು. ಗೆದ್ದವನಿಂದ ಹಿಡಿದು ಪ್ರತಿಯೊಬ್ಬನ ಗುಂಡೂ ಎಲ್ಲೋ ಒಂದು ಬಿಳಿ ರಟ್ಟಿಗೆ ತಗುಲಿತ್ತು. ಕಳೆದ ಅಂಕವನ್ನು ಅವರು ವೇಗದಲ್ಲಿ ತುಂಬಿಕೊಂಡರು. ಇವರೊಬ್ಬರದು ತಗುಲಲಿಲ್ಲ. ಪ್ರತಿ ಬಾಗಿಲಲ್ಲೂ ನಿಂತು, ಬಗ್ಗಿ, ಹಿಂದೆ ನೋಡಿ, ಆಮೇಲೆ ಹೊಡೆದರು. ಕೊನೆಯ ಕಿಟಕಿಯಲ್ಲಿ ಕಂದು ರಟ್ಟಿನ ಬೆನ್ನಿಗೆ ಒಂದು ಚೂರು ಬಿಳಿ ಕಾಣಿಸಿತಂತೆ. ಪಿಸ್ತೂಲು ಎತ್ತಿದವರು ಹಾಗೇ ಇಳಿಸಿಬಿಟ್ಟರು.

"ರೆಫರಿ ಬಂದು ಜಾಮ್ ಆಯ್ತಾ ಅಂತ ಕೇಳ್ದ. ಇಲ್ಲ ಸಾರ್, ಹಿಂದೆ ಒಬ್ಬ ನಿಂತವನೆ ಅಂದೆ. ಕನ್ನಡದಾಗೇ ಅಂದ್ಬುಟ್ಟೆ ಕಣೋ!"

ಆ ವರ್ಷ ಅವರು ಸಂಕ್ರಾಂತಿಗೆ ಕಾಯಲಿಲ್ಲ. ಅದೇ ವಾರ ನನ್ನನ್ನೂ ಕರೆದುಕೊಂಡು ಹೊರಟರು. ಶಿರಾದಲ್ಲಿ ಬಸ್ಸು ಬದಲಿಸಿ, ಬರಗೂರಿನಲ್ಲಿಳಿದು, ಅಲ್ಲಿಂದ ನಡೆದು ಹೋದೆವು. ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದರು. ಆಕೆ ಗುಡಿಸಲಿನ ಮುಂದೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಸಣ್ಣ ದೇಹ, ಎತ್ತರದ ದನಿ.

"ಇದ್ಯಾಕಪ್ಪಾ, ಒತ್ತಲ್ಲದ್ ಒತ್ನಾಗೆ ಬಂದೆ? ಇಮಾನ್ದಾಗೆ ಓಗಿದ್ದಂತೆ, ಬರಗೂರ್ನಾಗೆ ಯೋಳ್ತಿದ್ರು."

"ಹೂಂ ಕಣವ್ವಾ."

"ಗೆದ್ಯಾ?"

"ಇಲ್ಲವ್ವಾ. ಎಲ್ರಿಗಿಂತ ಕಡೆ ಬಂದೆ."

"ಅಯ್ಯೋ ನಿನ್ನ! ಅಷ್ಟ್ ದೂರ ಓಗಿ ಕಡೇಗ್ ಬರಾಕೆ ಇಮಾನ ಯಾಕ್ಲಾ ಬೇಕಿತ್ತು?" ಎಂದು ಆಕೆ ನಕ್ಕಳು. ಬಾಯಲ್ಲಿ ಹಲ್ಲು ಇರಲಿಲ್ಲ.

ದಫೇದಾರರು ಕಲ್ಲಿನ ಮೇಲೆ ಕೂರಲಿಲ್ಲ. ಆಕೆಯ ಮುಂದೆ ನಿಂತುಕೊಂಡೇ ಹೇಳಿದರು. "ಅವ್ವಾ, ಅಲ್ಲಿ ಹೊಡೀಬೇಕಾದೋರ ಹಿಂದ್ಗಡೆ ಹೊಡೀಬಾರದೋರೂ ನಿಂತಿರ್ತಾರೆ. ಕಾಣದಂಗೆ, ಮರೇಲಿ. ಎಲ್ಲಾರೂ ಒಬ್ಬರಿಗಾದ್ರೂ ತಾಕಿಸಿದ್ರು. ಗೆದ್ದೋನೂ ತಾಕಿಸ್ದ. ನಾನು ಒಬ್ಬರಿಗೂ ತಾಕಿಸ್ಲಿಲ್ಲ ಕಣವ್ವಾ. ನಿಂತು ನೋಡ್ದೆ. ಒಬ್ಬರಿಗೂ ತಾಕಿಸ್ಲಿಲ್ಲ."

ಆಕೆ ಕುಟ್ಟುವುದನ್ನು ನಿಲ್ಲಿಸಿದಳು. "ಅಂಗೆ ಮರೇನಾಗೆ ನಿಂತಿದ್ರಲ್ಲಪ್ಪಾ, ಅವ್ರ ಮನೇರು ಸುಮ್ಕೆ ನೋಡ್ಕಂಡಿರ್ತಾರಾ?"

"ಮನುಷ್ಯರಲ್ಲ ಕಣವ್ವಾ. ರಟ್ಟು. ಬಿಳೀ ರಟ್ಟು. ಮನುಷ್ಯರಂಗೆ ಕತ್ತರಿಸಿರ್ತಾರೆ."

"ರಟ್ಟಾ?"

"ಹೂಂ."

ಆಕೆ ಕೈಗಂಟಿದ ಹುಣಸೆಯ ನಾರನ್ನು ಒಂದೊಂದಾಗಿ ಬಿಡಿಸಿಕೊಂಡಳು. ಆಮೇಲೆ ಹೇಳಿದಳು.

"ರಟ್ಟಿನೋರ್ನೆಲ್ಲ ಉಳಿಸ್ಕಂಡು ಬಂದ್ಯಾ, ನನ್ನಪ್ಪಾ."

ಆ ಮಾತನ್ನು ಆಕೆ ಯಾವ ದನಿಯಲ್ಲಿ ಹೇಳಿದಳು? ಚುಚ್ಚಿದಳೇ, ಮರುಗಿದಳೇ, ಸುಮ್ಮನೆ ತಿಳಿದುಕೊಂಡು ಹೇಳಿದಳೇ? ನಾನು ಅಲ್ಲೇ ಇದ್ದೆ, ಕಿವಿಯಾರೆ ಕೇಳಿದೆ, ಆದರೂ ಹೇಳಲಾರೆ. ಆಮೇಲೆ ಎಷ್ಟೋ ಸಲ ಒಬ್ಬನೇ ಇರುವಾಗ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡಿದ್ದೇನೆ. ಎಲ್ಲ ದನಿಗೂ ಅದು ಹೊಂದುತ್ತದೆ. ದಫೇದಾರರ ಮುಖವನ್ನು ನಾನು ಆಗ ನೋಡಲಿಲ್ಲ, ಅದು ಮಾತ್ರ ಗೊತ್ತು. ಆಕೆ ಎದ್ದು ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು, ಇಬ್ಬರೂ ಕುಡಿದೆವು. ಅವರು ಎಂದಿನ ಹಾಗೆ ಏನೂ ಹೇಳದೆ ಎದ್ದರು.

ಶಿರಾದಲ್ಲಿ ಇಳಿದೆವು. ಬಸ್ ಸ್ಟ್ಯಾಂಡಿನಲ್ಲಿ "ಕಡಲೆಕಾಯಿ ತಿಂತೀಯೇನೋ?" ಎಂದರು. ಬೇಡ ಎಂದೆ. "ಅವ್ವ ಸರಿಯಾಗೇ ಹೇಳಿದ್ಲು ಕಣೋ" ಎಂದರು. ಮತ್ತೆಂದೂ ಆ ಪಂದ್ಯದ ಮಾತನ್ನು ಎತ್ತಲಿಲ್ಲ. ಬೇರೆಯವರು ಎತ್ತಿದರೆ ಕೊನೆಯವನಾಗಿ ಬಂದೆ ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ಹಟ್ಟಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಮುಂದಿನ ಸಂಕ್ರಾಂತಿಗೂ ಹೋದರು, ಅದರ ಮುಂದಿನದಕ್ಕೂ.

ಎಂಬತ್ತರ ದಶಕ ಮುಗಿಯುವ ಮೊದಲು ಅವರು ತೀರಿಕೊಂಡರು. ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವರು ಹಾಗೇ ಕುಸಿದರು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಥಿಯಾದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು, "ಆಯಮ್ಮಂಗೆ ಒಂದ್ ಮಾತು ಯೋಳ್ಬುಟ್ ಬಾಪ್ಪಾ. ಕಾಯ್ತಾ ಕೂತಿರ್ತಾಳೆ" ಎಂದರು. ಅವರು ಆ ಮುದುಕಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಹೋದೆ. ಆಕೆ ಮೊದಲಿಗಿಂತ ಇನ್ನಷ್ಟು ಕುಗ್ಗಿದ್ದಳು, ಕಣ್ಣು ಮಂಜಾಗಿತ್ತು. ಯಾರೆಂದು ಹೇಳಿದೆ, ಏನಾಯಿತೆಂದು ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಥವಾ "ಸದ್ಯ, ಹೋದ" ಅನ್ನುತ್ತಾಳೆ. ಎರಡೂ ಮಾಡಲಿಲ್ಲ. ಕೈಯಿಂದ ನೆಲ ಸವರಿದಳು.

"ನನ್ ಮಗನ ಎಸ್ರ ಎತ್ತೋರು ಈ ಭೂಮಿ ಮ್ಯಾಗೆ ಇಬ್ರಿದ್ವಿ ಕಣಪ್ಪಾ," ಎಂದಳು. "ನಾನು, ಅವ್ನು. ಅಟ್ಟಿಯೋರೆಲ್ಲ ಮರ್ತ್ರು. ಅವ್ನು ಬಂದಾಗ್ಲೆಲ್ಲ ಕಲ್ ಮ್ಯಾಲೆ ಕುಂತ್ಕಂಡು ಒಂದ್ಸಲ ಆ ಎಸ್ರ ಅಂದು ಓಗೋನು. ನಾ ಓದ್ರೆ ಅವ್ನಿರ್ತಾನೆ ಅಂದ್ಕಂಡಿದ್ದೆ. ಇನ್ ಯಾರಂತಾರೆ?"

ಆಕೆ ತನ್ನ ಮಗನ ಹೆಸರು ಹೇಳಿದಳು. "ನೀನೂ ಒಂದ್ಸಲ ಅನ್ನಪ್ಪಾ" ಎಂದಳು. ಅಂದೆ. "ಇನ್ನೊಂದ್ಸಲ." ಅಂದೆ.

ಆಕೆಯೂ ಹೋಗಿ ಬಹಳ ಕಾಲವಾಯಿತು. ಈಗ ನನ್ನ ನೆನಪಿನಲ್ಲಿ ಎರಡು ಹೆಸರುಗಳಿವೆ. ಒಂದು ಅವನದು. ಇನ್ನೊಂದು ಯಾರದೋ, ಆ ಹಟ್ಟಿಯಲ್ಲಿ ದಾರಿ ತೋರಿಸಿದವನದಿರಬಹುದು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವನದಿರಬಹುದು. ಯಾವುದು ಯಾರದೆಂದು ವಿಚಾರಿಸಲು ಹೋಗಿ ಬಂದೆ, ತಿಳಿದವರು ಸಿಗಲಿಲ್ಲ. ಅದಕ್ಕೇ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಎರಡನ್ನೂ ಹೇಳುತ್ತೇನೆ. ದಫೇದಾರರಿಗಾದರೆ ಒಂದೇ ಸಾಕಾಗುತ್ತಿತ್ತು.

ಚಿತ್ತಯ್ಯ. ಈರಣ್ಣ.