ಲ್ಯಾಪ್‌ಟಾಪಿಗೊಂದು ಕೌದಿ

ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿಗಳ ಗದ್ದಲದ ನಡುವೆ ನಿಶ್ಚಿಂತೆಯಿಂದ ಗೊರಕೆ ಹೊಡೆಯಬಲ್ಲ ನನಗೆ, ಬಿಸ್ಕತ್ತಿನಷ್ಟಗಲದ ಒಂದು ಫ್ಯಾನಿನ ಸದ್ದು ಸಹಿಸಲಾಗಲಿಲ್ಲವೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ನನ್ನ ಲ್ಯಾಪ್‌ಟಾಪು ಆನ್ ಮಾಡಿದ ಐದೇ ನಿಮಿಷಕ್ಕೆ ಹಿಟ್ಟಿನ ಗಿರಣಿಯ ಧಾಟಿ ಹಿಡಿದು, ಆಫ್ ಮಾಡುವ ತನಕ ಆ ಏಕಶ್ರುತಿಯನ್ನು ಬಿಡುತ್ತಿರಲಿಲ್ಲ.

ನನಗಾಗುತ್ತಿದ್ದದ್ದು ಬರೀ ಕಿರಿಕಿರಿ. ನಿಜವಾದ ನಷ್ಟ ಬೇರೆಯಿತ್ತು. ತೆಂಗಳಿಯಿಂದ ಬಂದು ನಮ್ಮೊಡನಿದ್ದ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಬೀಸುವ ಕಲ್ಲಿನ ಹಾಡುಗಳ ಭಂಡಾರ. ಆ ಭಂಡಾರಕ್ಕೆ ಮರೆವಿನ ಗೆದ್ದಲು ಹತ್ತಿತ್ತು. ನಿನ್ನೆ ಅರ್ಧ ಹೇಳಿದ ಹಾಡು ಇಂದು ಕೇಳಿದರೆ ಇರುತ್ತಿರಲಿಲ್ಲ. ಅವಳು ಹೇಳುವುದು, ನಾನು ಟೈಪಿಸುವುದು ಎಂದು ಬೇಸಿಗೆ ರಜೆಯಲ್ಲಿ ಕೂತೆವು. ಆದರೆ ಫ್ಯಾನು ಮೊರೆಯಿತೋ, ದೊಡ್ಡವ್ವ ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. "ತಮ್ಮಾ, ಅದು ಭಾಳ ತೇಕ್ಲಿಕತ್ತದ. ಪಾಪ, ಇವತ್ತಿಗಿ ಸಾಕ್ ಮಾಡು." ಹೀಗೆ ದಿನಕ್ಕೊಂದು ಹಾಡು ನನ್ನ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು.

ನಾನೋ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ಮಹಾಶಯ. ಉಷ್ಣಪ್ರಸರಣದ ಪಾಠವನ್ನು ಪುಸ್ತಕ ನೋಡದೆ ಮಾಡಬಲ್ಲವ. ವೈರಸ್ಸಿನ ಶಂಕೆಯಿಂದ ಬೇಡದ ಪ್ರೋಗ್ರಾಮುಗಳನ್ನು ಅಳಿಸಿದೆ, ಆ ಭರದಲ್ಲಿ ಬೇಕಾದ ಎರಡನ್ನೂ ಅಳಿಸಿದೆ. ಸದ್ದು ಮಾತ್ರ ಸ್ವಲ್ಪವೂ ಇಳಿಯಲಿಲ್ಲ. ಕೊನೆಗೆ ಅಭಿಮಾನ ಬದಿಗಿಟ್ಟು ಶಹಾಬಾದಿಗೆ, ಹಿಂದೆ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಸಲೀಂಭಾಯಿಯ ಅಂಗಡಿಗೆ ಹೋದೆ.

ಆತ ಮೊದಲು ನೋಡಿದ್ದು ಲ್ಯಾಪ್‌ಟಾಪನ್ನಲ್ಲ, ಅದನ್ನು ಸುತ್ತಿ ತಂದ ಕೌದಿಯನ್ನು. ನಮ್ಮ ಊರಲ್ಲಿ ಸಿಮೆಂಟ್ ಕಾರ್ಖಾನೆಯ ದೂಳಿಗೆ ಹೆದರಿ ಎಲ್ಲಕ್ಕೂ ಬಟ್ಟೆ ಹೊದಿಸುವುದು ರೂಢಿ. ಟಿವಿಗೆ ಕಸೂತಿ ಪರದೆ, ಫೋನಿಗೆ ಕುಚ್ಚಿನ ಟೊಪ್ಪಿಗೆ. ಲ್ಯಾಪ್‌ಟಾಪು ಬಂದ ವಾರವೇ ದೊಡ್ಡವ್ವ ಹಳೆಯ ಸೀರೆಗಳನ್ನು ಕೂಡಿಸಿ ಅದಕ್ಕೊಂದು ಮೆತ್ತನೆಯ ಕೌದಿ ಹೊಲಿದಿದ್ದಳು. ಅದು ಕೂರುತ್ತಿದ್ದದ್ದು ಆ ಕೌದಿಯ ಮೇಲೆ, ಹೊದೆಯುತ್ತಿದ್ದದ್ದೂ ಅದನ್ನೇ.

"ಸರ, ಇದರಾಗ ಮಷೀನಿಂದು ಖಸೂರ್ ಏನಿಲ್ರಿ," ಎಂದ ಸಲೀಂಭಾಯಿ, ಒಳಗಿನಿಂದ ಹಿಡಿಯಷ್ಟು ದೂಳು, ದಾರದೆಳೆ ತೆಗೆಯುತ್ತ. "ಇದು ಬುಡದಾಗಿಂದ ಗಾಳಿ ಎಳ್ಕೋತದ. ನೀವು ಕೌದಿ ಹಾಸಿ ಮೂಗೇ ಮುಚ್ಚೀರಲ್ರಿ! ಬರೀ ಫರ್ಸಿ ನೆಲದ ಮ್ಯಾಲ ಇಡ್ರಿ, ಬುಡಕ ಎರಡು ಕಲ್ಲಿನ ಚೂರು ಕೊಡ್ರಿ." ಭೌತಶಾಸ್ತ್ರ ತಲೆ ತಗ್ಗಿಸಿ ಹಣ ಕೊಟ್ಟು ಹೊರಬಂತು.

ಮನೆಯಲ್ಲಿ ಕೌದಿಯ ಸುದ್ದಿ ಎತ್ತದೆ ಅದನ್ನು ಮಡಚಿ ಬದಿಗಿಟ್ಟೆ. ಆದರೆ ನಾನು ಯಂತ್ರವನ್ನು ಬರಿ ನೆಲದ ಮೇಲೆ ಇಡುವುದನ್ನೂ ಅದು ತೇಕದಿರುವುದನ್ನೂ ನೋಡಿಯೇ ದೊಡ್ಡವ್ವನಿಗೆ ಗೊತ್ತಾಯಿತು.

"ಹಂಗಾರ ನಾನೇ ಅದರ ಉಸಿರು ಕಟ್ಟಿದ್ನೇನು?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಮುಚ್ಚಿದ ಕಿಟಕಿಯತ್ತ ನೋಡಿದಳು. "ನೀವೂ ಹಂಗೇ ಮಾಡೀರಿ ನೋಡು. ದೂಳು ಬರ್ತದಂತ ಕಿಟಕಿ ಹಾಕಿ, ಬಾಗಿಲ ಹಾಕಿ, ನನ್ನ ಒಳಗ ಕುಂದ್ರಿಸೀರಿ. ಮಂದಿ ಮಾರಿ ನೋಡಿ ಎಷ್ಟ ದಿನ ಆಯ್ತು! ಹಾಡು ಎಲ್ಲಿಂದ ಬರ್ಬೇಕು?"

ಅವಳ ಕೆಮ್ಮಿಗೆ ದೂಳು ಆಗದೆಂದು ಡಾಕ್ಟರು ಹೇಳಿದ್ದು ನಿಜ. ಆದರೆ ಹೊರಗೆ ಕೂಡಬೇಡ ಎಂದದ್ದು ಅವರಲ್ಲ, ನಾನು.

ಮರುದಿನ ಸಂಜೆ ಅಂಗಳದ ಕಟ್ಟೆಗೆ ನೀರು ಚಿಮುಕಿಸಿ ಅವಳನ್ನು ಕೂರಿಸಿದೆ, ಪಕ್ಕದಲ್ಲಿ ಎರಡು ಕಲ್ಲಿನ ಚೂರಿನ ಮೇಲೆ ಲ್ಯಾಪ್‌ಟಾಪು. ಓಣಿಯ ಹೆಂಗಸರಿಬ್ಬರು ಬಂದು ಕೂತರು. ಕೈಬಿಟ್ಟ ಹಾಡುಗಳಲ್ಲಿ ಒಂದು ಬಂತು, ಎರಡು ಸಾಲು ಕಡಿಮೆಯಾಗಿ. ಆ ಎರಡು ಸಾಲಿನ ಜಾಗ ಇಂದಿಗೂ ನನ್ನ ಕಡತದಲ್ಲಿ ಖಾಲಿಯಿದೆ. ಮೂರನೆಯ ಹಾಡಿನ ನಡುವೆ ಫ್ಯಾನು ಸಣ್ಣಗೆ ಸುಯ್ಯೆಂದಿತು. ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ನನ್ನ ಬೆರಳು ತಡೆದವು.

"ನೀ ಬರ್ಕೋತ ಹೋಗು," ಎಂದಳು ದೊಡ್ಡವ್ವ. "ಅದೂ ಉಸಿರಾಡ್ಲಿ."